ಮಿಟ್ಟಿಗೆ ಬೀಳಬೇಕಾದ ಪೆಟ್ಟು



ಸಾಫ್ಟ್‌ಬಾಲ್ ಆಡುವ ಮಗಳಿಗೆ ಹೊಸ ಕ್ಯಾಚರ್ ಮಿಟ್ಟು ತಂದುಕೊಟ್ಟರೆ ಅವಳ ಮೊದಲ ದೂರು ಒಂದೇ: ಮುಚ್ಚಲು ಬರುವುದಿಲ್ಲ. ಬರುವುದಾದರೂ ಹೇಗೆ? ದಪ್ಪ ಚರ್ಮ, ಒಳಗೆ ಮೆತ್ತೆ, ಅಂಚಿನುದ್ದಕ್ಕೂ ಬಿಗಿದ ಚರ್ಮದ ಲೇಸು. ಗ್ಲೌಸಿನ ಹಾಗೆ ಬಿಡಿಬಿಡಿ ಬೆರಳುಗಳಿಲ್ಲ. ಹೆಬ್ಬೆರಳು ಒಂದು ಕಡೆ, ಮಿಕ್ಕವೆಲ್ಲ ಇನ್ನೊಂದು ಕಡೆ. ನಡುವಿನ ಗುಳಿಯಲ್ಲಿ ಚೆಂಡು ಕೂರಬೇಕು. ಹೊಸದರಲ್ಲಿ ಆ ಗುಳಿ ಹೆಸರಿಗಷ್ಟೇ ಇರುತ್ತದೆ.

1887ರಲ್ಲಿ ಷಿಕಾಗೋದ ಬೋಟ್ ಕ್ಲಬ್ ಒಂದರಲ್ಲಿ, ಬಾಕ್ಸಿಂಗ್ ಗ್ಲೌಸನ್ನು ಸುತ್ತಿ ಕಟ್ಟಿ ಚೆಂಡು ಮಾಡಿಕೊಂಡು ಶುರುವಾದ ಆಟ ಸಾಫ್ಟ್‌ಬಾಲ್. ಅದೇ ಊರಿನಲ್ಲಿ 16 ಅಂಗುಲ ಸುತ್ತಳತೆಯ ಚೆಂಡನ್ನು ಇಂದಿಗೂ ಬರಿಗೈಯಲ್ಲೇ ಹಿಡಿಯುವವರಿದ್ದಾರೆ. ಆದರೆ ವೇಗದ ಎಸೆತದ ಬಗೆಯಾದ ಫಾಸ್ಟ್‌ಪಿಚ್‌ನ 12 ಅಂಗುಲದ ಗಟ್ಟಿ ಚೆಂಡಿಗೆ ಬರಿಗೈ ಸಾಲದು. ಮಹಿಳೆಯರ ದೊಡ್ಡ ಪಂದ್ಯಗಳಲ್ಲಿ ಅದು 43 ಅಡಿ ದೂರದಿಂದ ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗದಲ್ಲಿ ಬರುತ್ತದೆ. ಕುಕ್ಕರುಗಾಲಲ್ಲಿ ಕೂತ ಕ್ಯಾಚರ್‌ಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಬ್ಯಾಟರ್ ಮೂರನೆಯ ಸ್ಟ್ರೈಕನ್ನೂ ಹೊಡೆಯಲಾರದೆ ಹೋಗಿರಲಿ, ಚೆಂಡು ಮಿಟ್ಟಿನಿಂದ ಚಿಮ್ಮಿ ನೆಲ ಮುಟ್ಟಿತೋ, ಮೊದಲ ಬೇಸ್ ಖಾಲಿಯಿದ್ದರೆ ಆಕೆ ಓಡಿ ಔಟಾಗದೆ ಉಳಿದುಕೊಳ್ಳಬಹುದು. ಪಿಚರ್ ಪಟ್ಟ ಶ್ರಮವೆಲ್ಲ ಒಂದು ಬಿರುಸು ಚರ್ಮದಿಂದಾಗಿ ಮಣ್ಣುಪಾಲು.

ಮಿಟ್ಟನ್ನು ಬೇಗ ಮೆದುವಾಗಿಸುವ ಅವಸರ ಹುಟ್ಟುವುದು ಇಲ್ಲೇ. ಕೆಲವರು ಮಿಟ್ಟನ್ನು ಓವನ್ನಿಗೆ ಇಡುತ್ತಾರೆ, ಕೆಲವರು ಎಣ್ಣೆ ಸುರಿಯುತ್ತಾರೆ. ಕೈಮುಗಿದು ಹೇಳುತ್ತೇನೆ, ಎರಡೂ ಬೇಡ. ಚರ್ಮವೆಂದರೆ ಕೊಲಾಜೆನ್ ನಾರುಗಳ ಹೆಣಿಗೆ. ಆ ನಾರುಗಳು ಒಂದಕ್ಕೊಂದು ಅಂಟದೆ ಜಾರಲೆಂದೇ ಹದಗಾರರು ಅದಕ್ಕೆ ಕೊಬ್ಬಿನಂಶ ಉಣಿಸಿರುತ್ತಾರೆ. ಹೆಚ್ಚು ಬಿಸಿ ತಾಗಿದರೆ ನಾರು ಒಣಗಿ ಸೆಟೆಯುತ್ತದೆ, ಲೇಸು ಪಟಕ್ಕನೆ ಹರಿಯುತ್ತದೆ. ಎಣ್ಣೆ ಅತಿಯಾದರೆ ಮಿಟ್ಟು ಭಾರವಾಗಿ ಜೋತುಬೀಳುತ್ತದೆ. ಉಣ್ಣೆಯಿಂದ ತೆಗೆಯುವ ಲ್ಯಾನೋಲಿನ್ ಬೆರೆತ ಕಂಡೀಷನರನ್ನು ಬೆರಳ ತುದಿಯಷ್ಟು ತೆಗೆದುಕೊಂಡು, ಬಟ್ಟೆಯಿಂದ ತೆಳುವಾಗಿ ಸವರಿದರೆ ಸಾಕು. ಮಡಿಕೆ ಬೀಳುವಲ್ಲಿ, ಲೇಸಿನ ಮೇಲೆ.

ಮುಂದಿನದು ತೋಳಿನ ಕೆಲಸ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಈ ಎರಡು ಕಡೆ ಬಾಗಿಸಿ ಬಾಗಿಸಿ ಸಡಿಲಿಸಬೇಕು. ದುಂಡು ತಲೆಯ ಮರದ ಸುತ್ತಿಗೆಯಿಂದ ಗುಳಿಯಲ್ಲಿ ಕುಟ್ಟಬೇಕು. ರಾತ್ರಿ ಚೆಂಡಿಟ್ಟು ಕಟ್ಟುವುದಾದರೆ ಸಾಫ್ಟ್‌ಬಾಲನ್ನೇ ಇಡಿ. 9 ಅಂಗುಲದ ಬೇಸ್‌ಬಾಲ್ ಇಟ್ಟರೆ ಗುಳಿ ಕಿರಿದಾಗುತ್ತದೆ. ಇದೆಲ್ಲಕ್ಕಿಂತ ಮೇಲಾದದ್ದು, ಗೆಳತಿಯನ್ನು ಎದುರಿಗೆ ನಿಲ್ಲಿಸಿಕೊಂಡು ದಿನವೂ ಚೆಂಡು ಹಿಡಿಯುವುದು. ಮೊದಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ. ಅಂಗೈ ಉರಿಯುತ್ತದೆ, ನಿಜ. ಆದರೆ ಚೆಂಡು ಎಲ್ಲಿ ಬಡಿಯುತ್ತದೋ ಅಲ್ಲೇ ಗುಳಿ ಆಳವಾಗುತ್ತದೆ. ಒಂದೇ ಅಂಗಡಿಯಿಂದ ಒಂದೇ ಅಳತೆಯ ಮಿಟ್ಟು ಕೊಂಡ ಇಬ್ಬರಲ್ಲಿ, ಕೆಲವು ತಿಂಗಳ ಮೇಲೆ ಒಬ್ಬಳದು ಇನ್ನೊಬ್ಬಳ ಕೈಗೆ ಹೊಂದುವುದಿಲ್ಲ. ನನಗೆ ಇದಕ್ಕಿಂತ ಬೆರಗಿನ ಸಂಗತಿ ಈ ಆಟದಲ್ಲಿ ಇನ್ನೊಂದಿಲ್ಲ.

ನಮ್ಮ ಶಾಲಾ ಕ್ರೀಡಾಕೂಟಗಳಲ್ಲೂ ಸಾಫ್ಟ್‌ಬಾಲ್ ಇದೆ. ದೈಹಿಕ ಶಿಕ್ಷಕರೇ, ಹೊಸ ಮಿಟ್ಟನ್ನು ಪಂದ್ಯದ ಹಿಂದಿನ ದಿನದವರೆಗೆ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಯಾವ ಹುಡುಗಿ ವಿಕೆಟ್‌ಕೀಪರಿನ ಹಾಗೆ ಹಿಂದೆ ಕೂರುವವಳೋ ಅವಳಿಗೇ ಒಂದೆರಡು ತಿಂಗಳು ಮೊದಲೇ ಕೊಟ್ಟುಬಿಡಿ, ಮನೆಗೂ ಒಯ್ಯಲಿ.