ರೋಹಿಣಿ ಮಳೆಗೆ ಮುಂಚೆ ನಮ್ಮ ಕೈಯಿಂದಲೇ ಆಗುವ ರಿಪೇರಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳೆಸಾಲದ ಬಗ್ಗೆ, ಠೇವಣಿಯ ಬಗ್ಗೆ ತಿಳಿದವರು ಈಗಾಗಲೇ ಮಾತಾಡಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಸಣ್ಣ ವಿಷಯ. ಮನೆ, ಕೊಟ್ಟಿಗೆ, ಪಂಪು, ಗಾಡಿ ಇವು ಕೆಟ್ಟಾಗ ನಾವೇ ಎಷ್ಟರಮಟ್ಟಿಗೆ ಸರಿಮಾಡಿಕೊಳ್ಳಬಹುದು ಎಂಬುದು. ಸಣ್ಣ ವಿಷಯ ಎಂದರೂ ಮನೆ ರಿಪೇರಿಗೆಂದು ಸಾಲ ಎತ್ತಿದವರನ್ನು ಕೇಳಿ ನೋಡ್ರಿ. ಒಂದು ಹಂಚು ಜಾರಿರುತ್ತದೆ. ಅಲ್ಲಿಂದ ನೀರಿಳಿದು ರೀಪು ನೆನೆಯುತ್ತದೆ, ರೀಪಿನಿಂದ ಪಕಾಸಿಗೆ, ಪಕಾಸಿಯಿಂದ ಗೋಡೆಗೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಹಂಚಿನ ಕೆಲಸ ಒಂದು ಮಾಡಿನ ಕೆಲಸವಾಗಿ ನಿಂತಿರುತ್ತದೆ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಂದರೆ ದೂರದ್ದು. ಹಳಿಯಾಳ, ಮುಂಡಗೋಡ ಪೇಟೆಯ ಸಮೀಪದವರಿಗೆ ಮಿಸ್ತ್ರಿ, ಫಿಟ್ಟರ್ ಫೋನಿಗೆ ಸಿಗುತ್ತಾರೆ. ಜೋಯಿಡಾ ಕಡೆಯ ಮಜಿರೆಗಳಲ್ಲಿ ಹಾಗಿಲ್ಲ. ಕಾಡಿನ ನಡುವೆ ನಾಲ್ಕು ಮನೆ ಇಲ್ಲಿ, ಆರು ಮನೆ ಅಲ್ಲಿ. ದಾಂಡೇಲಿಯಿಂದ ಒಬ್ಬ ಮೆಕ್ಯಾನಿಕ್ ಬರಬೇಕೆಂದರೆ ಅವನ ಕೂಲಿಗಿಂತ ಅವನ ದಾರಿಖರ್ಚೇ ಹೆಚ್ಚು. ಕಾಳಿ ನದಿಯ ನೀರು ಅಂಬಿಕಾನಗರದ ಹತ್ತಿರ ನಾಗಝರಿಯಲ್ಲಿ ಕರೆಂಟಾಗಿ ನಾಡಿಗೆಲ್ಲ ಹೋಗುತ್ತದೆ. ಅದೇ ಕಾಳಿಯ ಬದಿಯ ನಮಗೆ ಗಾಳಿಮಳೆಗೆ ಮರ ಬಿತ್ತೆಂದರೆ ಎರಡು ದಿನ ಚಿಮಣಿ ದೀಪ. ಇರಲಿ, ಅದು ಬೇರೆ ಮಾತು. ಆದ್ದರಿಂದ ರೋಹಿಣಿ ಮಳೆ ಹನಿಯುವ ಮೊದಲು, ಅಂದರೆ ಮೇ ಮೂರನೆಯ ವಾರದೊಳಗೆ, ನಮ್ಮ ಕೈಯಲ್ಲಾಗುವುದನ್ನು ನಾವು ಮುಗಿಸಿಕೊಳ್ಳಬೇಕು.

ಮೊದಲು ಹಂಚಿನ ಮಾತು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ಹಾಕಿದರು. ಅಲ್ಲಿಂದ ಹರಡಿದ ಹಂಚೇ ಇವತ್ತೂ ನಮ್ಮ ಬಹಳ ಮನೆಗಳ ಮೇಲಿದೆ. ಅದರ ಗುಣವೆಲ್ಲ ಅಂಚಿನ ಕಚ್ಚಿನಲ್ಲಿದೆ. ಒಂದರ ಕಚ್ಚು ಇನ್ನೊಂದರಲ್ಲಿ ಕೂತರೆ ಗಾಳಿಗೂ ಅಲುಗುವುದಿಲ್ಲ. ಆದರೆ ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ನಮ್ಮವರು ಪೇಟೆಯಿಂದ ಹೊಸ ಹಂಚು ತಂದು ಸೇರಿಸುತ್ತಾರೆ, ಆಮೇಲೆ ಸೋರುತ್ತದೆ ಅಂತ ಬಯ್ಯುತ್ತಾರೆ. ಹಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಅದನ್ನು ಓದಿಕೊಳ್ರಿ. ಊರಲ್ಲಿ ಹಳೆ ಮನೆ ಕೆಡವುವಾಗ ಅದೇ ಹೆಸರಿನ ಹಂಚು ಇಪ್ಪತ್ತು ಮೂವತ್ತು ತಂದು ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿಟ್ಟರೆ ಮಂಗಗಳ ದಂಡು ಬಂದು ಹೋದ ಮರುದಿನ ಉಪಯೋಗಕ್ಕೆ ಬರುತ್ತದೆ.

ಸೋರುವ ಜಾಗ ಹುಡುಕುವುದರಲ್ಲಿಯೇ ಅರ್ಧ ಕೆಲಸ ಇದೆ. ನೀರು ಬೀಳುವ ಜಾಗದ ನೆಟ್ಟಗೆ ಮೇಲೆ ತೂತು ಇರುವುದಿಲ್ಲ. ಅದು ಮೇಲೆಲ್ಲೋ ಒಳಗೆ ಬಂದು, ರೀಪು ಪಕಾಸಿ ಹಿಡಿದು ಇಳಿದು, ಗಂಟು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಬಿಸಿಲಿರುವ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ಅಟ್ಟ ಹತ್ತಿ ಕೂತುಬಿಡ್ರಿ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಬಿರುಕು, ಸಂದು ಎಲ್ಲ ಬೆಳಕಿನ ಚುಕ್ಕಿಯಾಗಿ ಕಾಣುತ್ತವೆ. ಅಲ್ಲಿಗೊಂದು ಹಿಡಿಕಡ್ಡಿ ಚುಚ್ಚಿ ಬಿಟ್ಟರೆ ಹೊರಗಿನಿಂದಲೂ ಗುರುತು ಸಿಗುತ್ತದೆ. ಕೆಳಗೆ ಹಲಗೆ ಹೊದಿಸದ ಮಾಡಾದರೆ ಏಣಿಯ ಮೇಲೆ ನಿಂತು ಒಳಗಿನಿಂದಲೇ ಮೇಲಿನ ಹಂಚನ್ನು ಸ್ವಲ್ಪ ಎತ್ತಿ ಒಡೆದದ್ದನ್ನು ತೆಗೆದು ಬೇರೆಯದನ್ನು ಕೂರಿಸಬಹುದು. ಮಾಡು ಹತ್ತಲೇಬೇಕಾದರೆ ಎರಡು ಹಂಚು ಒಂದರ ಮೇಲೊಂದು ಕೂತಿರುವ ಕಡೆ, ಅಂದರೆ ರೀಪಿನ ಮೇಲೆಯೇ ಕಾಲಿಡಬೇಕು. ಹಂಚಿನ ನಡುವೆ ಇಟ್ಟರೆ ಒಂದು ರಿಪೇರಿಗೆ ಹೋಗಿ ನಾಲ್ಕು ಮಾಡಿಕೊಂಡು ಬರುತ್ತೇವೆ. ಮಳೆ ಹಿಡಿದ ಮೇಲೆ, ಪಾಚಿ ಕಟ್ಟಿದ ಮೇಲೆ ಹತ್ತುವುದು ಬೇಡವೇ ಬೇಡ. ಆಗ ಎಣ್ಣೆ ಡಬ್ಬಿಯ ತಗಡನ್ನು ಚಪ್ಪಟೆ ಮಾಡಿ, ಒಳಗಿನಿಂದ ಮೇಲಿನ ಹಂಚಿನಡಿ ಸೇರಿಸಿ ಬಿರುಕಿನ ಮೇಲೆ ಬರುವಂತೆ ಸರಿಸಿದರೆ ದೀಪಾವಳಿಯ ತನಕ ನಡೆಯುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತುವುದು ದಂಡ. ಬಿಸಿಲಿಗೆ ಅದು ಬಿಟ್ಟುಕೊಳ್ಳುತ್ತದೆ.

ಕೊಟ್ಟಿಗೆಗಳ ಮೇಲೆ ಈಗ ತಗಡು, ಸಿಮೆಂಟ್ ಶೀಟುಗಳೇ ಹೆಚ್ಚು. ಬೋಲ್ಟಿನ ತೂತು ಶೀಟಿನ ಉಬ್ಬಿನ ಮೇಲೆ ಇರಬೇಕು, ತಗ್ಗಿನಲ್ಲಿ ಹೊಡೆದರೆ ಹರಿಯುವ ನೀರೆಲ್ಲ ಅಲ್ಲೇ ಇಳಿಯುತ್ತದೆ. ಒಣಗಿ ಸೀಳಿದ ವಾಶರ್ ಬದಲಿಸಿದರೆ ಬಹಳಷ್ಟು ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಹಳೆಯ ಸಿಮೆಂಟ್ ಶೀಟಿನ ಮೇಲೆ ಯಾರೂ ನೇರವಾಗಿ ಕಾಲಿಡಬ್ಯಾಡ್ರಿ. ಅದು ಹಂಚಿನ ಹಾಗೆ ಚಟ್ ಎಂದು ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಕುಸಿಯುತ್ತದೆ. ಬೋಲ್ಟುಗಳ ಸಾಲಿನ ಮೇಲೆ ಅಡ್ಡ ಹಲಗೆ ಹಾಕಿ ಅದರ ಮೇಲೆ ನಡೆಯಬೇಕು. ಅವುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಕೊಯ್ಯುವಾಗ, ತೂತು ಕೊರೆಯುವಾಗ ಏಳುವ ದೂಳು ಪುಪ್ಪುಸದಲ್ಲಿ ಕೂತರೆ ಎಷ್ಟೋ ವರ್ಷದ ಮೇಲೆ ರೋಗವಾಗಿ ಏಳುತ್ತದೆ. ನೀರು ಹಾಕಿ ಒದ್ದೆ ಮಾಡಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನು ದೂರ ಕಳಿಸಿ ಕೆಲಸ ಮಾಡಬೇಕು.

ಗೆದ್ದಲಿಗೆ ನಮ್ಮ ಹಿರಿಯರ ಉಪಾಯವೇ ಒಳ್ಳೆಯದು. ಕಂಬ ಮಣ್ಣಿಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸುವುದು, ಕಲ್ಲಿನ ಮೇಲೆ ಮಣ್ಣಿನ ಗೆರೆ ಏರಿತೋ ಎಂದು ವಾರಕ್ಕೊಮ್ಮೆ ನೋಡಿ ಕೆರೆದು ಹಾಕುವುದು. ಮಣ್ಣಿನ ಗೋಡೆಯ ಬಿರುಕಿಗೂ ಮಣ್ಣನ್ನೇ ಮೆತ್ತಬೇಕು. ನಳದ ತೊಟ್ಟಿಕ್ಕುವಿಕೆ ಒಂದು ವಾಶರಿನ ಕೆಲಸ. ಸೆಕೆಂಡಿಗೊಂದು ಹನಿ ಎಂದರೂ ದಿನಕ್ಕೆ ನಾಲ್ಕು ಲೀಟರ್ ಮೇಲಾಗುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳು ಗಂಡಸರಿಗಿಂತ ಬೇಗ ಕಲಿಯುತ್ತಾರೆ, ಏಕೆಂದರೆ ಆ ನೀರು ಹೊತ್ತವರು ಅವರು.

ಇನ್ನು ಕರೆಂಟಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಏಕೆಂದರೆ ಇಲ್ಲಿ ಹೋಗುವುದು ದುಡ್ಡಲ್ಲ.

ಬಟ್ಟೆ ಒಣಗಿಸಲು ಕಬ್ಬಿಣದ ತಂತಿ ಕಟ್ಟುವ ಪದ್ಧತಿ ಮನೆಮನೆಗೂ ಇದೆ. ಒಂದು ತುದಿ ತಗಡಿನ ಮಾಡಿಗೆ, ಇನ್ನೊಂದು ತುದಿ ಗಿಡಕ್ಕೆ. ಸರ್ವಿಸ್ ವೈರಿನ ರಬ್ಬರು ಗಾಳಿಗೆ ಉಜ್ಜಿ ಸವೆದು ತಗಡಿಗೆ ತಾಗಿತೆಂದರೆ ತಂತಿಯಲ್ಲೂ ಕರೆಂಟು. ಒದ್ದೆ ಬಟ್ಟೆ ಹಿಡಿದು ಬರುವವಳು ಮನೆಯ ಸೊಸೆಯೋ ಮಗಳೋ. ಇದಕ್ಕೆ ರಿಪೇರಿ ಏನೂ ದೊಡ್ಡದಲ್ಲ. ತಂತಿ ಬಿಚ್ಚಿ ನೈಲಾನ್ ಹಗ್ಗ ಕಟ್ರಿ. ಇವತ್ತು ಮನೆಗೆ ಹೋದ ಮೇಲೆ ಮೊದಲು ಇದನ್ನೇ ಮಾಡ್ರಿ.

ಎರಡನೆಯದು ಫ್ಯೂಜು. ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುತ್ತಾರೆ. ಫ್ಯೂಜು ಇರುವುದೇ ಸುಡುವುದಕ್ಕೆ. ಅದು ಸುಡದಿದ್ದರೆ ಗೋಡೆಯೊಳಗಿನ ವೈರೋ, ಪಂಪಿನ ಮೋಟರೋ ಸುಡುತ್ತದೆ. ಪಂಪಿನ ಅರ್ಥಿಂಗ್ ಪೈಪಿನ ಬುಡಕ್ಕೆ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಬೇಕು. ಮಣ್ಣು ಒಣಗಿದರೆ ಅರ್ಥಿಂಗ್ ಹೆಸರಿಗೆ ಮಾತ್ರ. ಮನೆಯ ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿಕೊಂಡರೆ ಶಾಕ್ ಹೊಡೆದ ಕ್ಷಣದಲ್ಲೇ ಲೈನು ಕಡಿಯುತ್ತದೆ. ಅದನ್ನು ಲೈಸೆನ್ಸ್ ಇದ್ದ ಎಲೆಕ್ಟ್ರಿಶಿಯನ್ ಕೈಯಲ್ಲೇ ಹಾಕಿಸ್ರಿ. ಕಂಬದ ಫ್ಯೂಜಿಗೆ ಕೋಲು ಹಿಡಿದು ಹೋಗುವ ಶೂರರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಹೆಸ್ಕಾಂನ 1912 ನಂಬರು ಬರೆದು ಕೊಡ್ರಿ. ಹಂದಿ, ಆನೆಗೆಂದು ಗದ್ದೆಯ ಬೇಲಿಗೆ ನೇರ ಲೈನು ಬಿಡುವುದು ಅಪರಾಧ. ಸುಗ್ಗಿಯಲ್ಲಿ ಹಳಿಯಾಳ, ಮುಂಡಗೋಡ ಕಡೆ ಆನೆ ಇಳಿಯುವುದು ನಿಜ, ನಮ್ಮ ಭತ್ತ ಹೋಗುವುದೂ ನಿಜ. ಆದರೆ ರಾತ್ರಿ ನೀರು ತಿರುವಲು ಹೋದ ಪಕ್ಕದ ಹೊಲದವನಿಗೆ ಆ ಬೇಲಿ ಕಾಣುವುದಿಲ್ಲ.

ಪಂಪಿನ ಗ್ಲ್ಯಾಂಡಿನಿಂದ ತೊಟ್ಟು ತೊಟ್ಟು ನೀರು ಬೀಳುವುದು ದೋಷವಲ್ಲ, ಬೀಳಲೇಬೇಕು. ಪೂರ್ತಿ ನಿಲ್ಲುವಂತೆ ಬಿಗಿ ಮಾಡಿದರೆ ಶಾಫ್ಟು ಕಾದು ಸವೆಯುತ್ತದೆ. ಪಂಪು ನೀರು ಹಿಡಿಯದಿದ್ದರೆ ಮೋಟರು ಬಿಚ್ಚುವ ಮೊದಲು ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೋ ನೋಡ್ರಿ.

ಗಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬ್ಯಾಟರಿಯ ತುದಿಗೆ ಬಿಳಿ ಪುಡಿ ಕಟ್ಟಿದ್ದರೆ ಮೊದಲು ಮೈನಸ್ ಕಡೆಯ ವೈರು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ತೊಳೆದು, ಒಣಗಿಸಿ ವ್ಯಾಸಲೀನ್ ಸವರಬೇಕು. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ದಪ್ಪ ಮರದ ದಿಮ್ಮಿ ಕೊಟ್ಟ ಮೇಲೆಯೇ ಕೆಳಗೆ ಹೋಗುವುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಬದಲಿಸಬೇಕು. ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗುವವರು ಇದನ್ನು ಮುಂದೂಡಲೇಬಾರದು. ಇಳಿಯುವಾಗ ಬ್ರೇಕನ್ನೇ ಒತ್ತಿ ಹಿಡಿಯದೆ ಕೆಳಗಿನ ಗೇರಿನಲ್ಲಿ ಇಳಿಸಬೇಕು. ಬ್ರೇಕು, ಸ್ಟಿಯರಿಂಗು, ಅಡಿಗೆ ಗ್ಯಾಸಿನ ರೆಗ್ಯುಲೇಟರು ಇವು ಮೂರು ಮನೆ ರಿಪೇರಿಯ ಪಟ್ಟಿಯಲ್ಲಿಲ್ಲ. ಗೋಬರ್ ಗ್ಯಾಸಿನ ಗುಂಡಿಗೆ ಇಳಿಯುವುದಂತೂ ಯಾವ ಕಾಲಕ್ಕೂ ಇಲ್ಲ. ಒಬ್ಬ ಒಳಗೆ ಬಿದ್ದರೆ ಎತ್ತಲು ಇಳಿದವನೂ ಬೀಳುತ್ತಾನೆ. ಒಲೆ ಸರಿಯಾಗಿ ಉರಿಯದಿದ್ದರೆ ಪೈಪಿನಲ್ಲಿ ನಿಂತ ನೀರು ಬಿಡುವುದು, ಬರ್ನರಿನ ತೂತು ಸ್ವಚ್ಛ ಮಾಡುವುದು, ಇಷ್ಟೇ ನಮ್ಮ ಕೆಲಸ.

ಕೊನೆಯದಾಗಿ ಸಂಘಕ್ಕೊಂದು ಬೇಡಿಕೆ. ಇದಕ್ಕೆಲ್ಲ ಸಾಮಾನು ಬೇಕು. ಪ್ರತಿ ಮನೆಯವರೂ ಉದ್ದ ಏಣಿ, ಪೈಪ್ ಪಾನಾ, ಡ್ರಿಲ್ ಮಶೀನು ಕೊಳ್ಳಲಾಗುವುದಿಲ್ಲ, ಕೊಂಡರೂ ವರ್ಷಕ್ಕೆರಡು ದಿನದ ಕೆಲಸ. 1905ರಲ್ಲಿ ಇಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಒಬ್ಬನಿಂದ ಆಗದ್ದು ಹತ್ತು ಜನರಿಂದ ಆಗಲಿ ಅಂತಲೇ. ಟ್ರ್ಯಾಕ್ಟರು, ರೋಟಾವೇಟರು ಬಾಡಿಗೆಗೆ ಕೊಡಲು ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಏಣಿ ಕೊಡುವವರು ಯಾರೂ ಇಲ್ಲ. ಗೊಬ್ಬರದ ಗೋದಾಮಿನ ಒಂದು ಮೂಲೆಯಲ್ಲಿ ಎರಡು ಏಣಿ, ಮಾಡಿನ ಮೇಲೆ ಹಾಕುವ ನಾಲ್ಕು ಹಲಗೆ, ಒಂದು ಸೆಟ್ ಪಾನಾ, ಡ್ರಿಲ್ಲು, ಗಟ್ಟಿ ಜ್ಯಾಕು, ಟೆಸ್ಟರು, ರಬ್ಬರ್ ಕೈಚೀಲ ಇಟ್ಟರೆ ಸಾಕು. ಪುಸ್ತಕದಲ್ಲಿ ಸಹಿ ಮಾಡಿ ಒಯ್ಯುವುದು, ಮೂರು ದಿನಕ್ಕೆ ತಂದಿಡುವುದು, ತಡವಾದರೆ ದಿನಕ್ಕಿಷ್ಟು ದಂಡ, ಮುರಿದರೆ ಷೇರು ಖಾತೆಗೆ ಖರ್ಚು. ಊರಿನ ಇಬ್ಬರು ಹುಡುಗರನ್ನು, ಆದರೆ ಒಬ್ಬ ಹುಡುಗಿಯನ್ನೂ, ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಗೆ ತರಬೇತಿಗೆ ಕಳಿಸಿದರೆ ಸಾಮಾನಿನ ಜೊತೆಗೆ ಅದನ್ನು ತಿಳಿದವರೂ ಊರಲ್ಲಿರುತ್ತಾರೆ. ಅಲ್ಲಿ ಕಲಿಕೆಗೆ ಫೀ ಇಲ್ಲ. ಮಂಡಳಿಯವರು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಮೊದಲ ಏಣಿಗೆ ಬೇಕಾದ ಬಿದಿರು ನಾವು ಕೊಡುತ್ತೇವೆ.