ಅಂಗಳದ ಹಾವಸೆ, ಬಾವಿಯ ನೀರು
(ಗ್ರಾಮ ಪಂಚಾಯತ್ ಸದಸ್ಯರು ಹಾಗೂ ಸ್ವಚ್ಛತಾ ಸಿಬ್ಬಂದಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮಳೆಗಾಲ ಮುಗಿದೊಡನೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಅಂಗಳ, ಆವರಣ ಗೋಡೆ ಮತ್ತು ಶಾಲೆಯ ಮೆಟ್ಟಿಲುಗಳ ಮೇಲೆ ಹಾವಸೆ ಉಳಿಯುತ್ತದೆ. ವೃದ್ಧರೂ ಮಕ್ಕಳೂ ಜಾರಿ ಬೀಳುವ ಭಯವಿರುವುದರಿಂದ ಅದನ್ನು ತೆಗೆಯಲೇಬೇಕು. ಆದರೆ ಪ್ರೆಶರ್ ವಾಷರ್ ಯಂತ್ರದೊಡನೆ ರಾಸಾಯನಿಕ ಬಳಸುವಾಗ ವಿವೇಚನೆ ಅಗತ್ಯ.

ನೀರಿನ ರಭಸವು ಹಾವಸೆಯ ಮೇಲ್ಪದರವನ್ನಷ್ಟೇ ಕೀಳುತ್ತದೆ. ರಂಧ್ರಗಳಲ್ಲಿ ಉಳಿದುದು ಮತ್ತೆ ಹಬ್ಬುತ್ತದೆ. ಆದ್ದರಿಂದ ಮೊದಲು ಒಣಗಿದ ಹಾವಸೆಯನ್ನು ಹಿಡಿಸೂಡಿಯಿಂದ ಉಜ್ಜಿ ತೆಗೆಯಬೇಕು. ಬಳಿಕ ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿ, ತಿಳಿಯಾದ ದ್ರಾವಣವನ್ನು ಬ್ರಷ್‌ನಿಂದ ಹಚ್ಚಿ, 10ರಿಂದ 15 ನಿಮಿಷ ಬಿಟ್ಟು, ಒಣಗುವ ಮುನ್ನವೇ ಬರಿಯ ನೀರಿನಿಂದ ತೊಳೆಯಬೇಕು. ದ್ರಾವಣವನ್ನು ಯಂತ್ರದೊಳಗೆ ಸುರಿಯಬಾರದು: ಪಂಪು ಕೆಡುತ್ತದೆ, ತುಂತುರಾಗಿ ಹಾರಿದ ಕ್ಲೋರಿನ್ ಕಣ್ಣಿಗೂ ಶ್ವಾಸಕ್ಕೂ ತಾಗುತ್ತದೆ. ಕೈಗವಸು, ಕನ್ನಡಕ, ಗಂಬೂಟು ಕಡ್ಡಾಯ. ಮೃದುವಾದ ಕೆಂಪುಕಲ್ಲಿಗೆ ನಳಿಕೆಯನ್ನು ತೀರ ಹತ್ತಿರ ಹಿಡಿದರೆ ಕಲ್ಲೇ ಸವೆಯುತ್ತದೆ.

ಹಲವರು ಆ್ಯಸಿಡ್ ಬಳಸುತ್ತಾರೆ. ಅದು ಸಿಮೆಂಟು ಮತ್ತು ಇಂಟರ್‌ಲಾಕ್ ಹಾಸಿನ ಸುಣ್ಣದ ಅಂಶವನ್ನು ಕರಗಿಸುತ್ತದೆ. ಒರಟಾದ ಮೇಲ್ಮೈ ಮುಂದಿನ ಮಳೆಗೆ ಹಾವಸೆಗೆ ಇನ್ನೂ ಒಳ್ಳೆಯ ನೆಲೆಯಾಗುತ್ತದೆ. ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಎಂದಿಗೂ ಒಂದುಗೂಡಬಾರದು. ಅವು ಬೆರೆತಾಗ ಹೊಮ್ಮುವ ಕ್ಲೋರಿನ್ ಅನಿಲವೇ 1915ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ವಿಷಾಸ್ತ್ರವಾಗಿತ್ತು. ಕೆಮ್ಮು, ಉಸಿರುಗಟ್ಟುವಿಕೆ ಕಂಡರೆ ಕೂಡಲೇ ಗಾಳಿ ಬರುವ ದಿಕ್ಕಿನತ್ತ ಬಯಲಿಗೆ ಸರಿದು, ಆಸ್ಪತ್ರೆಗೆ ಹೋಗಬೇಕು.

ಮನೆಯಂಗಳದಲ್ಲಿಯೇ ತೆರೆದ ಬಾವಿ ಇರುವುದು ಈ ಕರಾವಳಿಯ ಪದ್ಧತಿ. ಕೆಂಪುಕಲ್ಲಿನ ನೆಲ ನೀರನ್ನು ಸುಲಭವಾಗಿ ಇಂಗಿಸಿಕೊಳ್ಳುತ್ತದೆ. ಅಂಗಳ ತೊಳೆದ ನೀರು ಅದೇ ದಾರಿಯಲ್ಲಿ ಕುಡಿಯುವ ನೀರಿಗೆ ಸೇರಬಲ್ಲುದು. ಆದುದರಿಂದ ಬಾವಿಯನ್ನು ಮುಚ್ಚಿ, ಬಾವಿಕಟ್ಟೆಯ ಸುತ್ತ ರಾಸಾಯನಿಕ ಬಳಸದೆ, ಉಜ್ಜಿಯೇ ಸ್ವಚ್ಛಗೊಳಿಸಬೇಕು. ತೊಳೆದ ನೀರನ್ನು ತೋಡಿಗೆ ಬಿಡಬಾರದು. ಅಲ್ಪ ಕ್ಲೋರಿನ್ ಕೂಡ ಮೀನುಗಳಿಗೆ ಮಾರಕ. ಕಾಪುವಿನಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಯಿಂದಲೇ ಕಬ್ಬಿಣ ತುಕ್ಕು ಹಿಡಿಯುವುದರಿಂದ, ಗೇಟು, ಸರಳುಗಳಿಗೆ ದ್ರಾವಣ ತಾಗಿದರೆ ತಕ್ಷಣ ತೊಳೆಯಬೇಕು.

ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ ಗೊಮ್ಮಟ ಮೂರ್ತಿಯಂಥ ಸ್ಮಾರಕಗಳಿಗೆ, ಬಸದಿಗಳಿಗೆ, ಊರ ಶಿಲಾಶಾಸನಗಳಿಗೆ ಈ ವಿಧಾನ ಸಲ್ಲದು. ಆ ಹೊಣೆ ಪುರಾತತ್ತ್ವ ಪರಿಣತರದು. ಅಳಿಸಿಹೋದ ಅಕ್ಷರ ಮರಳಿ ಬಾರದು.

ಈ ವಿಚಾರವನ್ನು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ, ಪ್ರತಿ ಮನೆಗೂ ಮುಟ್ಟಿಸುವುದು ಸದಸ್ಯರ ಕರ್ತವ್ಯ. ಅಂಗಳ ಹೊಳೆಯಲಿ, ಬಾವಿಯ ನೀರು ತಿಳಿಯಾಗಿಯೇ ಉಳಿಯಲಿ.