ಆಲಿಸ್ ಗೀ: ಲೋಕದ ಮೊದಲ ಚಿತ್ರ ನಿರ್ದೇಶಕಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ದಣಿದು ಬಂದಿದ್ದೀರಿ; ದೀರ್ಘ ಭಾಷಣದಿಂದ ನಿಮ್ಮನ್ನು ಇನ್ನಷ್ಟು ದಣಿಸುವ ಇಚ್ಛೆ ನಮಗಿಲ್ಲ. ಸಿನೆಮಾ ಎಂದರೆ ನಮಗೆಲ್ಲ ಪ್ರೀತಿ. ನಟನಟಿಯರ ಹೆಸರು ನಮ್ಮ ನಾಲಗೆಯ ತುದಿಯಲ್ಲಿದೆ. ಆದರೆ ಲೋಕದ ಮೊದಲ ಚಿತ್ರ ನಿರ್ದೇಶಕಿಯ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಆಕೆ ಫ್ರಾನ್ಸಿನ ಆಲಿಸ್ ಗೀ. ಹುಟ್ಟಿದ್ದು 1873ರಲ್ಲಿ. ತಂದೆಯ ವ್ಯಾಪಾರ ಮುಳುಗಿತು, ತಂದೆಯೂ ತೀರಿಕೊಂಡರು. ತಾಯಿಯನ್ನು ಸಾಕಬೇಕಾದ ಹುಡುಗಿ ಟೈಪಿಂಗು, ಶೀಘ್ರಲಿಪಿ ಕಲಿತು 1894ರಲ್ಲಿ ಪ್ಯಾರಿಸಿನ ಕ್ಯಾಮರಾ ಕಂಪನಿಯೊಂದರಲ್ಲಿ ನೌಕರಿಗೆ ಸೇರಿದರು. ಮುಂದೆ ಲಿಯೋನ್ ಗೋಮೋ ಎಂಬವರು ಆ ಕಂಪನಿಯ ಧಣಿಯಾದರು.

1895ರ ಮಾರ್ಚಿಯಲ್ಲಿ ಲೂಮಿಯೇರ್ ಸಹೋದರರು ತಮ್ಮ ಹೊಸ ಯಂತ್ರವನ್ನು ತೋರಿಸಿದಾಗ ಆಲಿಸ್ ಅಲ್ಲಿದ್ದರು. ಪರದೆಯ ಮೇಲೆ ಮೂಡಿದ್ದು ಯಾರು ಬಲ್ಲಿರಾ? ರಾಜರಲ್ಲ, ರಾಣಿಯರಲ್ಲ. ಕಾರಖಾನೆಯ ಬಾಗಿಲಿನಿಂದ ಹೊರಬರುತ್ತಿದ್ದ ಕೆಲಸಗಾರರು. ಅವರಲ್ಲಿ ಹೆಚ್ಚಿನವರು ಹೆಂಗಸರು! ಗಿರಣಿಯ ಭೋಂಗಾ ಬಲ್ಲ ನಮಗೆ ಇದು ಹೆಮ್ಮೆಯ ಮಾತಲ್ಲವೇ?

ಈ ಯಂತ್ರದಿಂದ ಕಥೆಯನ್ನೇ ಹೇಳಬಾರದೇಕೆ ಎಂದು ಆಲಿಸರಿಗೆ ಹೊಳೆಯಿತು. ಧಣಿಯನ್ನು ಕೇಳಿದರು. ಕಚೇರಿಯ ಕೆಲಸ ಕೆಡದಿದ್ದರೆ ಆಗಬಹುದೆಂದರು ಧಣಿ. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದ ನಮ್ಮ ಹಿರಿಯರಿಗೂ ಇಂಥದೇ ಅಪ್ಪಣೆ ಸಿಕ್ಕುತ್ತಿತ್ತು! ಎಲೆಕೋಸಿನ ನಡುವೆ ಮಕ್ಕಳನ್ನು ತೆಗೆಯುವ ಯಕ್ಷಿಯ ಪುಟ್ಟ ಚಿತ್ರವನ್ನು 1896ರಲ್ಲಿ ತೆಗೆದೆನೆಂದು ಆಕೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಮುಂದೆ ಆ ಕಂಪನಿಯ ಚಿತ್ರ ತಯಾರಿಕೆಯೆಲ್ಲ ಆಕೆಯ ಕೈಗೆ ಬಂತು. 1906ರಲ್ಲಿ ಸುಮಾರು 300 ಮಂದಿಯನ್ನು ಕೂಡಿಸಿ ಕ್ರಿಸ್ತನ ಜೀವನವನ್ನು ಚಿತ್ರಿಸಿದರು. ಮದುವೆಯಾಗಿ ಅಮೆರಿಕಕ್ಕೆ ಹೋಗಿ, 1910ರಲ್ಲಿ ಸೋಲಾಕ್ಸ್ ಎಂಬ ಸ್ವಂತ ಕಂಪನಿ ಕಟ್ಟಿದರು. 1912ರಲ್ಲಿ ನ್ಯೂಜೆರ್ಸಿಯಲ್ಲಿ ಸ್ಟುಡಿಯೋ ಎಬ್ಬಿಸಿದರು. ನಟರಿಗಾಗಿ ಅಲ್ಲಿ ತೂಗುಹಾಕಿದ ಫಲಕದಲ್ಲಿದ್ದುದು ಒಂದೇ ಬುದ್ಧಿಮಾತು: ಸಹಜವಾಗಿರಿ. ಕರಿಯ ಜನರನ್ನು ಹೀನವಾಗಿ ಕಾಣುತ್ತಿದ್ದ ಆ ಕಾಲದಲ್ಲಿ ಕರಿಯ ನಟರನ್ನೇ ಸೇರಿಸಿ ಒಂದು ಚಿತ್ರ ಮಾಡಿದರು.

ಬಳಿಕ ಕಾಲ ತಿರುಗಿತು. ಚಿತ್ರೋದ್ಯಮ ಹಾಲಿವುಡ್ಡಿಗೆ ಸರಿಯಿತು, ಸಾಲ ಏರಿತು, ದಾಂಪತ್ಯ ಮುರಿಯಿತು. 1922ರಲ್ಲಿ ಇಬ್ಬರು ಮಕ್ಕಳೊಡನೆ ಫ್ರಾನ್ಸಿಗೆ ಮರಳಿದ ಆಕೆಗೆ ಮತ್ತೆ ಒಂದು ಚಿತ್ರವನ್ನೂ ಯಾರೂ ಕೊಡಲಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ಬೇರೆಯಿದೆ. ಚರಿತ್ರೆ ಬರೆದವರು ಆಕೆಯ ಚಿತ್ರಗಳನ್ನು ಗಂಡಸರ ಹೆಸರಿಗೆ ಹಚ್ಚಿದರು. ಮುದುಕಿಯಾದ ಆಲಿಸ್ ತನ್ನ ಚಿತ್ರಗಳ ಪಟ್ಟಿಯನ್ನು ತಾನೇ ಬರೆದು, ಇವು ನನ್ನವು ಎಂದು ಸಾಧಿಸಬೇಕಾಯಿತು. ಕೊನೆಗೆ ಫ್ರಾನ್ಸ್ ಸರಕಾರ ಗೌರವಿಸಿತು. 1968ರಲ್ಲಿ ಆಕೆ ತೀರಿಕೊಂಡರು. ಆತ್ಮಕಥೆ ಅಚ್ಚಾದದ್ದು 1976ರಲ್ಲಿ. ಅದನ್ನು ನೋಡಲು ಆಕೆ ಇರಲಿಲ್ಲ.

ನಮ್ಮ ದೇಶದಲ್ಲಿ 1926ರಲ್ಲಿ ಮುಂಬಯಿಯ ಫಾತ್ಮಾ ಬೇಗಂ ಚಿತ್ರ ನಿರ್ದೇಶಿಸಿದರು. ಕನ್ನಡದಲ್ಲಿ ಪ್ರೇಮಾ ಕಾರಂತರು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ತೆರೆಗೆ ತಂದರು. ಈ ಹೆಸರುಗಳನ್ನೂ ನೆನಪಿಡೋಣ.

ಬಂಧುಗಳೇ, ಮಸ್ಟರಿನಲ್ಲಿ ಹೆಸರಿಲ್ಲದವನ ದುಡಿಮೆ ಯಾರ ಲೆಕ್ಕಕ್ಕೂ ಬಾರದು ಎಂಬುದು ನಮಗೆ ಅನುಭವದ ಮಾತು. ನಿಮ್ಮ ಹೆಸರು ಅಲ್ಲಿದೆಯೇ ನೋಡಿಕೊಳ್ಳಿ. ಮನೆಯಲ್ಲಿ ದುಡಿಯುವ ತಾಯಿ, ಹೆಂಡತಿ, ಮಗಳ ಹೆಸರನ್ನೂ ನೀವು ಮರೆಯಬೇಡಿ.